ಹಳೆಯ ಫೋರ್ ವೀಲ್ ಗಾಡಿ: ಓಡಿದ ಕಿಲೋಮೀಟರ್ ದಾಖಲಾಗಲಿ

ಮಾನ್ಯ ಸಂಪಾದಕರೇ,

ಹಳೆಯ ಎಸ್‌ಯುವಿ ಕೊಳ್ಳುವ ಕುಟುಂಬಗಳಿಗೆಂದು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಸಾಲದ ಬಡ್ಡಿ, ವಿಮೆ, ಆಸನಗಳ ಸಂಖ್ಯೆ, ಸನ್‌ರೂಫ್ ಎಲ್ಲದರ ವಿವರವೂ ಇತ್ತು. ಗಾಡಿಯ ಅಡಿಗೆ ಬಗ್ಗಿ ನೋಡಿ ಎಂಬ ಒಂದು ಮಾತು ಎಲ್ಲಿಯೂ ಕಾಣಲಿಲ್ಲ. ಹಾಗೆ ನೋಡದೆ ಕೊಂಡು ನಮ್ಮ ಮನೆ ಪಟ್ಟ ಪಾಡು ಇನ್ನೊಂದು ಮನೆಗೆ ಬರಬಾರದೆಂದು ಈ ಪತ್ರ.

ನಮ್ಮದು ಹೊಸನಗರ ತಾಲ್ಲೂಕಿನ ಒಂಟಿಮನೆ. ಟಾರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗೆ, ನಡುವೆ ಒಂದು ಹಳ್ಳ. ಹಳ್ಳ ದಾಟಿದ ಮೇಲೆ ಕೆಮ್ಮಣ್ಣಿನ ಏರು. ಆ ಏರಿನ ಒಂದು ಬದಿ ದರೆ, ಇನ್ನೊಂದು ಬದಿ ನೇರ ತೋಟಕ್ಕೆ ಇಳಿಯುವ ಕಮರಿ. ಬೇಸಿಗೆಯಲ್ಲಿ ಅಲ್ಲಿ ಸಣ್ಣ ಕಾರು ಕೂಡ ಹತ್ತುತ್ತದೆ. ಮೃಗಶಿರಾ ಮಳೆ ಹಿಡಿದರೆ ಮುಗಿಯಿತು, ಕಾಲಿಟ್ಟರೆ ಕಾಲೇ ಜಾರುತ್ತದೆ. ಅತ್ತೆಯವರಿಗೆ ಎಪ್ಪತ್ತನಾಲ್ಕು ವರ್ಷ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು. ಮನೆಯಲ್ಲಿ ಗಾಡಿ ಓಡಿಸುವವಳು ನಾನು. ನಮಗೆ ಫೋರ್ ವೀಲ್ ಗಾಡಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ ಗಾಡಿ, ಬೇಕಾದದ್ದು ಶೋಕಿಗಲ್ಲ, ಗುಡ್ಡ ಹತ್ತುವ ಮೋಜಿಗಲ್ಲ. ಅದಿಲ್ಲದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊರಬೇಕು.

ಹೊಸ ಗಾಡಿ ನಮ್ಮ ಕೈಗೆ ಎಟುಕುವುದಲ್ಲ. ಎಲೆಚುಕ್ಕಿ ರೋಗ ತಗುಲಿದ ಅಡಿಕೆ ತೋಟದಿಂದ ಬಂದ ದುಡ್ಡಿನಲ್ಲಿ, 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಒಂದು ಮಾರಾಟ ಮಳಿಗೆಯಲ್ಲಿ 2014ರ ಏಳು ಆಸನದ ಡೀಸೆಲ್ ಗಾಡಿಯೊಂದನ್ನು 6,40,000 ರೂಪಾಯಿಗೆ ಕೊಂಡೆವು. ಗಾಡಿ ತಯಾರಿಸಿದವರ ತಪ್ಪು ಇದರಲ್ಲಿ ಇಲ್ಲ, ಆದ್ದರಿಂದ ಕಂಪನಿಯ ಹೆಸರು ಬೇಡ. ಮಾರಿದವರ ವಿರುದ್ಧ ದೂರು ವಿಚಾರಣೆಯಲ್ಲಿದೆ, ಅವರ ಹೆಸರನ್ನೂ ಬರೆಯುವುದಿಲ್ಲ. ಮೀಟರ್ 71,800 ಕಿಲೋಮೀಟರ್ ತೋರಿಸುತ್ತಿತ್ತು. ಹಿಂಬಾಗಿಲ ಮೇಲೆ 4x4 ಎಂಬ ಹೊಳೆಯುವ ಅಕ್ಷರಗಳಿದ್ದವು. ನಾನು ಕೇಳಿದ ಪ್ರತಿ ಪ್ರಶ್ನೆಗೂ ಮಾರಾಟಗಾರರು ನನ್ನ ತಮ್ಮನ ಮುಖ ನೋಡಿಯೇ ಉತ್ತರ ಕೊಟ್ಟರು. ಫೋರ್ ವೀಲ್ ಕೆಲಸ ಮಾಡುತ್ತದೆಯೇ ಎಂದು ಕೇಳಿದಾಗ ಗೇರಿನ ಪಕ್ಕದ ಗುಂಡಿಯನ್ನು 4Lಗೆ, ಅಂದರೆ ನಾಲ್ಕೂ ಚಕ್ರ ಎಳೆಯುವ ನಿಧಾನ ಗೇರಿಗೆ, ತಿರುಗಿಸಿ, ಉರಿದ ದೀಪವನ್ನು ತೋರಿಸಿದರು. ದೀಪ ಉರಿದರೆ ಮುಂಚಕ್ರಕ್ಕೆ ಬಲ ಹೋಗುತ್ತಿದೆ ಎಂದು ನಂಬಿದೆ.

ಮಾರ್ಚ್, ಏಪ್ರಿಲ್, ಮೇ ಗಾಡಿ ಚೆನ್ನಾಗಿಯೇ ಓಡಿತು. ಜೂನ್ ಎರಡನೆಯ ವಾರ, ಮಂಗಳವಾರ ಬೆಳಿಗ್ಗೆ, ರಾತ್ರಿಯಿಡೀ ಸುರಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಅತ್ತೆ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕುಳಿತಿದ್ದರು. ಹಳ್ಳ ದಾಟಿ, ನಿಂತು, ಗುಂಡಿಯನ್ನು 4Lಗೆ ತಿರುಗಿಸಿ, ದೀಪ ನೋಡಿಕೊಂಡು ಏರು ಹಿಡಿದೆ. ಅರ್ಧ ಏರಿದ ಮೇಲೆ ಹಿಂದಿನ ಚಕ್ರಗಳು ಮಣ್ಣು ತೋಡತೊಡಗಿದವು. ಮುಂದಿನವು ಅಲುಗಲೇ ಇಲ್ಲ. ಗಾಡಿಯ ಹಿಂಭಾಗ ನಿಧಾನವಾಗಿ ಕಮರಿಯ ಕಡೆಗೆ ಸರಿಯಿತು. ಬ್ರೇಕ್ ಒತ್ತಿದರೂ ಜಾರುತ್ತಲೇ ಇತ್ತು. ಒಂದು ಹಳೆಯ ಹಲಸಿನ ಬುಡಕ್ಕೆ ಹಿಂಬಂಪರ್ ತಗುಲಿ ನಿಂತಿತು. ಆ ಮರ ಅಲ್ಲಿ ಇರದಿದ್ದರೆ ಈ ಪತ್ರವನ್ನು ಬರೆಯುವವರು ಯಾರೂ ಇರುತ್ತಿರಲಿಲ್ಲ. ಅತ್ತೆ ಒಂದು ಮಾತೂ ಆಡಲಿಲ್ಲ. ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು, ಅಷ್ಟೆ.

ಪಕ್ಕದ ಮನೆಯವರು ತಮ್ಮ ಎಂಎಂ 540 ಜೀಪು ತಂದರು. ಮೂವತ್ತು ವರ್ಷ ಮೀರಿದ ಗಾಡಿ. ಬಾಗಿಲಿನ ಜಾಗದಲ್ಲಿ ಟಾರ್ಪಾಲು. ಅವರು ಮಳೆಯಲ್ಲೇ ಇಳಿದು ಎರಡೂ ಮುಂಚಕ್ರಗಳನ್ನು ಎಂಜಿನ್ನಿನ ಬಲಕ್ಕೆ ಜೋಡಿಸುವ ಹಬ್ ತಿರುಗಿಸಿ, ಒಳಗೆ ಹೋಗಿ ಲಿವರ್ ಎಳೆದರು. ಲಿವರ್ ಕೂತ ‘ಟಕ್’ ಎಂಬ ಸದ್ದು ನಮಗೂ ಕೇಳಿಸಿತು. ಹಗ್ಗ ಬಿಗಿದು ನಮ್ಮ ಗಾಡಿಯನ್ನು ಎಳೆದು ಮೇಲಕ್ಕೆ ತಂದರು. ಅತ್ತೆಯವರನ್ನು ಅದೇ ಜೀಪಿನಲ್ಲಿ ಕರೆದುಕೊಂಡು ಹೋದೆವು. ಎರಡು ಗಂಟೆ ತಡವಾಗಿತ್ತು.

ನಮ್ಮ ಭಾಗದಲ್ಲಿ ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳಿವೆ. ಆ ದಾರಿ ಕಂಡವರಿಗೆ ಆ ಜೀಪುಗಳ ಬಾಳುವೆ ಎಂಥದ್ದೆಂದು ಗೊತ್ತು. ಅವುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ ಒಬ್ಬರ ಬಳಿ ಗಾಡಿ ಒಯ್ದೆ. ಅವರು ಬಾನೆಟ್ ತೆರೆಯಲೂ ಇಲ್ಲ. ಒಂದು ಗೋಣಿಚೀಲ ಹಾಸಿ ಅಡಿಗೆ ನುಸುಳಿ, ಅರೆನಿಮಿಷದಲ್ಲಿ ಹೊರಗೆ ಬಂದು, “ಅಮ್ಮಾ, ಮುಂದಿನ ಶಾಫ್ಟೇ ಇಲ್ಲ” ಎಂದರು. ನಾನೂ ಮಲಗಿ ನೋಡಿದೆ. ಎಂಜಿನ್ನಿನ ಬಲವನ್ನು ಮುಂಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇರಬೇಕಾದ ಜಾಗ ಖಾಲಿ. ಎರಡು ತುದಿಯ ಫ್ಲ್ಯಾಂಜುಗಳಿಗೆ ಕಪ್ಪು ಬಣ್ಣ ಬಳಿದಿದ್ದರು. ಬಲವನ್ನು ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಚ್ಚಿದಾಗ ಅದರೊಳಗಿನ ಚೈನು ತುಂಡಾಗಿತ್ತು. ರಿಪೇರಿಯ ಖರ್ಚು ತಪ್ಪಿಸಲು ಯಾರೋ ಶಾಫ್ಟನ್ನೇ ಕಳಚಿ ಎಸೆದು, ಅಕ್ಷರಗಳನ್ನು ಮಾತ್ರ ಹಾಗೆಯೇ ಉಳಿಸಿದ್ದರು. ಒಳಗಿನ ಚೈನು ತುಂಡಾದರೂ ಗುಂಡಿಯ ದೀಪ ಉರಿಯುತ್ತದೆ ಎಂದು ತಿಳಿದದ್ದು ಅಂದೇ.

ಮೆಕ್ಯಾನಿಕ್ ಇನ್ನೊಂದು ವಿಷಯವನ್ನೂ ತೋರಿಸಿದರು. ಏರ್ ಫಿಲ್ಟರ್ ಪೆಟ್ಟಿಗೆಯ ಮುಚ್ಚಳ ತೆಗೆದು ಮಗುಚಿ ಹಿಡಿದರು. ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಯಾರೋ ಕೆಲಸಗಾರರು ಬರೆದಿಟ್ಟ ಅಕ್ಷರ: 12-3-21, 1,36,240. ಫಿಲ್ಟರ್ ಬದಲಿಸಿದ ದಿನ, ಅಂದಿನ ಮೀಟರ್. ನಾಲ್ಕು ವರ್ಷದ ನಂತರ ಆ ಗಾಡಿ ನಮ್ಮ ಕೈಗೆ ಬಂದಾಗ ಮೀಟರಿನಲ್ಲಿ ಇದ್ದದ್ದು 71,800. ಆಮೇಲೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಚಾಸಿ ಸಂಖ್ಯೆ ಕೊಟ್ಟು ಹಳೆಯ ದಾಖಲೆ ಕೇಳಿದಾಗ 2020ರಲ್ಲೇ 1,21,000 ದಾಟಿದ್ದು ಕಂಡಿತು. ಮಾರುವವರ ಒಪ್ಪಿಗೆ ಪಡೆದು ಕೊಳ್ಳುವ ಮೊದಲೇ ಇದನ್ನು ಕೇಳಬಹುದಿತ್ತು. ಒಪ್ಪಿಗೆ ಕೊಡಲು ಹಿಂಜರಿಯುವ ಅಂಗಡಿಯಿಂದ ಹಾಗೆಯೇ ಎದ್ದು ಬರಬಹುದಿತ್ತು.

ಮಳಿಗೆಯವರಿಗೆ ಫೋನು ಮಾಡಿದರೆ, ವಿತರಣಾ ಚೀಟಿಯಲ್ಲಿ ‘ಇದ್ದದ್ದು ಇದ್ದ ಸ್ಥಿತಿಯಲ್ಲಿ’ ಎಂದು ಬರೆದಿದೆ, ನೀವೇ ಸಹಿ ಮಾಡಿದ್ದೀರಿ ಎಂಬ ಉತ್ತರ ಬಂತು. ಈ ಮಾತಿಗೆ ಹೆದರಿ ಸುಮ್ಮನಾಗುವವರು ಬಹಳ ಜನ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಂಗಡಿ ಎಲ್ಲೇ ಇರಲಿ, ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೆ ಎರಡು ವರ್ಷದ ಗಡುವಿದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಮ್ಮದು ಐದರಿಂದ ಹತ್ತು ಲಕ್ಷದೊಳಗಾದ್ದರಿಂದ 200 ರೂಪಾಯಿ ಕಟ್ಟಿ ಶಿವಮೊಗ್ಗದಲ್ಲಿ ದೂರು ದಾಖಲಿಸಿದ್ದೇವೆ. ಇದ್ದ ಸ್ಥಿತಿಯಲ್ಲಿ ಮಾರುವುದು ಬೇರೆ, ಇಲ್ಲದ್ದನ್ನು ಇದೆ ಎಂದು ತೋರಿಸಿ ಮಾರುವುದು ಬೇರೆ.

ನನ್ನ ಅನುಭವದಿಂದ, ಮಲೆನಾಡಿನವರಿಗೂ ಕೊಡಗಿನವರಿಗೂ ಕೆಲವು ಮಾತು. ಬೇಕಾದಾಗ ಹಾಕಿಕೊಳ್ಳುವ ಫೋರ್ ವೀಲ್ ಗಾಡಿಯನ್ನು ಒಣ ರಸ್ತೆಯ ಮೇಲೆ ಹಾಗೆ ಓಡಿಸಬಾರದು ಎಂಬುದು ನಿಜ. ಆದರೆ ಪರೀಕ್ಷೆಗೆ ಹತ್ತಿಪ್ಪತ್ತು ಅಡಿ ಸಾಕು. ಗಟ್ಟಿ ನೆಲದ ಖಾಲಿ ಜಾಗದಲ್ಲಿ 4H, ಅಂದರೆ ನಾಲ್ಕೂ ಚಕ್ರ ಎಳೆಯುವ ಮಾಮೂಲು ವೇಗದ ಗೇರು, ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಡಿಗೆಯ ವೇಗದಲ್ಲಿ ಸ್ವಲ್ಪ ದೂರ ಸುತ್ತಿ. ಮುಂಚಕ್ರಕ್ಕೆ ಬಲ ಹೋಗುತ್ತಿದ್ದರೆ ಗಾಡಿ ಹಿಡಿದುಕೊಂಡಂತೆ ಜಗ್ಗುತ್ತದೆ. ಸಲೀಸಾಗಿ ಸುತ್ತಿದರೆ ಅನುಮಾನ ಪಡಿ, ಕೆಳಗೆ ಮಲಗಿ ಶಾಫ್ಟ್ ಎಣಿಸಿ. ಹಿಂದಕ್ಕೊಂದು, ಮುಂದಕ್ಕೊಂದು ಇರಲೇಬೇಕು. 4Lನಲ್ಲಿ ಗಾಡಿ ನಿಧಾನವಾಗಿ, ಎಂಜಿನ್ ಜೋರಾಗಿ ಓಡಬೇಕು. ಆ ಗೇರಿನಲ್ಲಿ ಎಂಜಿನ್ನಿನ ಎಳೆತ ಸಾಮಾನ್ಯವಾಗಿ ಎರಡೂವರೆ ಪಟ್ಟಿನಷ್ಟು ಹೆಚ್ಚಿ ಚಕ್ರ ತಲುಪುತ್ತದೆ. ಕೆಸರಿನ ಏರಿನಲ್ಲಿ ಜೀವ ಉಳಿಸುವುದು ಅದೇ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಭುಸುಭುಸು ಹೊಗೆ ಬಂದರೆ ಎಂಜಿನ್ ದಣಿದಿದೆ. ಟೈರಿನ ಪಕ್ಕದ ನಾಲ್ಕು ಅಂಕೆಗಳಲ್ಲಿ ಮೊದಲಿನೆರಡು ಟೈರು ತಯಾರಾದ ವಾರ, ಕೊನೆಯೆರಡು ವರ್ಷ. ಕಡಲ ತೀರದಲ್ಲಿ ಓಡಿದ ಗಾಡಿಯಾದರೆ ಚಾಸಿಯ ಒಳಮಗ್ಗುಲ ತುಕ್ಕನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿ. ನೆರೆನೀರಿನಲ್ಲಿ ಮುಳುಗಿದ ಗಾಡಿಯಾದರೆ ಸೀಟಿನ ಕೆಳಗಿನ ಹಳಿಗಳಲ್ಲಿ, ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕಾಣುವ ಭಾಗದಲ್ಲಿ, ಕೆಸರಿನ ಗೆರೆ ಉಳಿದಿರುತ್ತದೆ. ಖಾಸಗಿ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಎಷ್ಟು ವರ್ಷ ಉಳಿದಿದೆ ಎಂದು ನೋಡಿಕೊಂಡೇ ಬೆಲೆ ಮಾತಾಡಿ.

ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳಿಗೆ 2015ರಲ್ಲಿ ಹಸಿರು ನ್ಯಾಯಮಂಡಳಿ ನಿರ್ಬಂಧ ಹೇರಿದ ಮೇಲೆ ಅಲ್ಲಿನ ದೊಡ್ಡ ಗಾಡಿಗಳು ದಕ್ಷಿಣಕ್ಕೂ ಬರುತ್ತಿವೆ. ಅವೆಲ್ಲ ಕೆಟ್ಟವು ಎಂದು ನಾನು ಹೇಳುವುದಿಲ್ಲ. ಆದರೆ ಎರಡು ರಾಜ್ಯ, ಮೂರು ಮಾಲೀಕರನ್ನು ದಾಟಿ ಬರುವಾಗ ದಾರಿಯಲ್ಲಿ ಎಲ್ಲೋ ಮೀಟರ್ ಹಿಂದಕ್ಕೆ ಹೋದರೆ ಹಿಡಿಯುವವರು ಯಾರು?

ನನ್ನ ಮುಖ್ಯ ಬೇಡಿಕೆ ಇಲ್ಲಿಯೇ ಇದೆ. ಮಾಲೀಕತ್ವ ವರ್ಗಾವಣೆಗೆ ನಾನು ಸಹಿ ಮಾಡಿದ ಫಾರಂ 29 ಮತ್ತು 30ರಲ್ಲಿ ಗಾಡಿ ಓಡಿದ ಕಿಲೋಮೀಟರ್ ಬರೆಯುವ ಜಾಗವೇ ಇರಲಿಲ್ಲ. ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ ಕೇಳುವ ಸರ್ಕಾರ, ಬೆಲೆಯನ್ನು ಲಕ್ಷಗಟ್ಟಲೆ ಏರಿಸಿ ಇಳಿಸುವ ಆ ಒಂದು ಅಂಕಿಯನ್ನು ಕೇಳುವುದಿಲ್ಲ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ತಿದ್ದಿ, ಹಳೆಯ ವಾಹನಗಳ ಡೀಲರುಗಳು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕು ಎಂದಿತು. ಗಾಡಿ ತಮ್ಮ ವಶದಲ್ಲಿರುವಾಗ ಅದನ್ನು ಯಾರು, ಯಾವಾಗ, ಏಕೆ, ಎಷ್ಟು ದೂರ ಓಡಿಸಿದರು ಎಂಬ ವಿದ್ಯುನ್ಮಾನ ದಾಖಲೆಯನ್ನೂ ಅವರು ಇಡಬೇಕು. 2023ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಒಳ್ಳೆಯ ನಿಯಮ. ಆದರೆ ಅಂಗಡಿಯ ಅಂಗಳದಿಂದ ಪೆಟ್ರೋಲ್ ಬಂಕಿಗೆ ಹೋಗಿಬಂದ ದೂರಕ್ಕೆ ಲೆಕ್ಕ ಇದ್ದು, ಅದಕ್ಕೂ ಹಿಂದಿನ ಹತ್ತು ವರ್ಷಕ್ಕೆ ಲೆಕ್ಕ ಇಲ್ಲದಿದ್ದರೆ ಕೊಳ್ಳುವವರಿಗೆ ಅದರಿಂದ ಏನು ಸಿಕ್ಕಿತು?

ಇದಕ್ಕೆ ಹೊಸ ಕಚೇರಿ ಬೇಡ, ಹೊಸ ಹುದ್ದೆ ಬೇಡ. ಪ್ರತಿ ಗಾಡಿಯೂ ಹೊಗೆ ತಪಾಸಣೆಗೆ ಹೋಗಲೇಬೇಕು. ಹಳೆಯವು ಆರು ತಿಂಗಳಿಗೊಮ್ಮೆ, ಬಿಎಸ್ 4 ಎಂಬ ಹೊಗೆ ಮಾನದಂಡದವು ಮತ್ತು ನಂತರದವು ವರ್ಷಕ್ಕೊಮ್ಮೆ. ಅಲ್ಲಿ ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾರೆ. ಅದೇ ಕೈಯಲ್ಲಿ ಮೀಟರಿನ ಫೋಟೊ ತೆಗೆದು, ಅಂಕಿಯನ್ನು ಸರ್ಕಾರದ ‘ವಾಹನ್’ ಎಂಬ ನೋಂದಣಿ ದಾಖಲೆಗೆ ಸೇರಿಸಲಿ. ನೋಂದಣಿ ಸಂಖ್ಯೆ ಹಾಕಿದರೆ ಆ ಅಂಕಿಗಳ ಸಾಲು ಯಾರಿಗಾದರೂ ಕಾಣಲಿ. ಮಾಲೀಕರ ಹೆಸರು, ವಿಳಾಸ ಬೇಕಿಲ್ಲ, ಕಿಲೋಮೀಟರ್ ಸಾಕು. ಬ್ರಿಟನ್ನಿನ ಲೆಸ್ಟರ್‌ನಲ್ಲಿರುವ ನನ್ನ ಅಕ್ಕನ ಮಗ ಹೋದ ವರ್ಷ ಹಳೆಯ ಕಾರು ಕೊಳ್ಳುವಾಗ ಮಾಡಿದ್ದು ಇಷ್ಟೇ. ಅಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿ ವರ್ಷ ಎಂಒಟಿ ಎಂಬ ತಪಾಸಣೆ ಕಡ್ಡಾಯ. ಅಂದಿನ ಮೀಟರ್ ಅಂಕಿ ಸರ್ಕಾರದ ಜಾಲತಾಣದಲ್ಲಿ ಉಚಿತವಾಗಿ ಕಾಣುತ್ತದೆ. ಒಂದು ವರ್ಷಕ್ಕಿಂತ ಮುಂದಿನ ವರ್ಷ ಅಂಕಿ ಕಡಿಮೆಯಾದರೆ ಮಗುವಿಗೂ ಗೊತ್ತಾಗುತ್ತದೆ. ಬೆಲ್ಜಿಯಂನಲ್ಲಿ 2006ರಿಂದ ಕಾರ್-ಪಾಸ್ ಎಂಬ ಪತ್ರವಿಲ್ಲದೆ ಹಳೆಯ ಕಾರು ಮಾರುವಂತಿಲ್ಲ. ಅದರಲ್ಲಿಯೂ ಇದೇ ಲೆಕ್ಕ.

ಇದರ ಜೊತೆಗೆ ಇನ್ನೊಂದು. ಫೋರ್ ವೀಲ್ ಎಂದು ಮಾರುವ ಡೀಲರು ರಸೀದಿಯ ಮೇಲೆ ‘ನಾಲ್ಕು ಚಕ್ರಕ್ಕೂ ಬಲ ಹೋಗುವುದನ್ನು ಪರೀಕ್ಷಿಸಲಾಗಿದೆ’ ಎಂದು ಬರೆದು ಸಹಿ ಮಾಡುವಂತೆ ನಿಯಮವಾಗಲಿ. ನಗರದಲ್ಲಿ ಇದು ಕ್ಷುಲ್ಲಕ ಎನ್ನಿಸಬಹುದು. ಹುಲಿಕಲ್ಲು, ಆಗುಂಬೆ, ಭಾಗಮಂಡಲದ ಸುತ್ತಿನ ಹಳ್ಳಿಗಳಲ್ಲಿ ಆಂಬುಲೆನ್ಸ್ ಬಾರದ ದಾರಿಗಳಿವೆ. ಅಲ್ಲಿ ಬಾಣಂತಿಯನ್ನೂ ಹಾವು ಕಚ್ಚಿದವರನ್ನೂ ಟಾರು ರಸ್ತೆಗೆ ತಲುಪಿಸುವುದು ಇಂಥ ಹಳೆಯ ಗಾಡಿಗಳೇ. ನಮ್ಮ ಸಾರಿಗೆ ಸಚಿವರೂ ಮಲೆನಾಡಿನ ಶಾಸಕರೂ ಇದನ್ನು ಕೇಂದ್ರದ ಮುಂದೆ ಇಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಗಾಡಿ ನಮ್ಮಲ್ಲೇ ಇದೆ. ಶಾಫ್ಟ್, ಚೈನು, ಕೂಲಿ ಸೇರಿ 78,000 ರೂಪಾಯಿ ಆಯಿತು. ಆರಿದ್ರಾ ಮಳೆಯ ನಡುವೆ ಒಂದು ಶುಕ್ರವಾರ ಅತ್ತೆಯವರನ್ನು ಕೂರಿಸಿಕೊಂಡು ಮತ್ತೆ ಅದೇ ಏರು ಹತ್ತಿದೆ. ಈ ಸಲ ನಾಲ್ಕೂ ಚಕ್ರ ಮಣ್ಣು ಕಚ್ಚಿದವು. ಹಲಸಿನ ಮರ ದಾಟುವಾಗ ಅತ್ತೆ ಕೈಮುಗಿದರು. ಮೆಕ್ಯಾನಿಕ್ ಹೊಸ ಏರ್ ಫಿಲ್ಟರ್ ಹಾಕುವಾಗ ಆ ಮುಚ್ಚಳದ ಒಳಗೆ, ಹಳೆಯ ಬರಹದ ಕೆಳಗೆ, ಅಂದಿನ ತಾರೀಕು ಮತ್ತು ಮೀಟರಿನ ಅಂಕಿ ಬರೆದರು. ಪಕ್ಕದಲ್ಲಿ ‘ಮೀಟರ್ ಸರಿಯಿಲ್ಲ, ಮೇಲಿನದು ನೋಡಿ’ ಎಂದೂ ಬರೆದರು.

ಇಂತಿ,
ಅಡಿಕೆ ಬೆಳೆಗಾರ್ತಿ, ಹೊಸನಗರ ತಾಲ್ಲೂಕು