ನಲ್ಲಮಲದ ದಾರಿ ಬರೆಯೋ ತಮ್ಮನಿಗೆ

ತಮ್ಮಾ,

ನೀನು ಕಳ್ಸಿದ ಶ್ರೀಶೈಲ ಪಾದಯಾತ್ರೆ ಬರಹ ಪೂರ್ತಿ ಓದಿದೆ, ಭಾಷೆ ಚೆನ್ನಾಗೈತೆ, ನಮ್ಮ ಆದವಾನಿ ಕಡೆ ಮಾತು ಹಂಗೇ ಉಳಿಸ್ಕೊಂಡಿದೀಯ, ಯಾರು ಏನೇ ಅಂದ್ರೂ ಅದನ್ನ ತಿದ್ದಬ್ಯಾಡ. ಆದ್ರೆ ನಾಗಲೂಟಿ ವೀರಭದ್ರನ ಗುಡಿ ದಾಟಿದ ಮೇಲೆ 'ಹಚ್ಚಹಸಿರಿನ ಕಾಡು ಕೈಬೀಸಿ ಕರೆಯಿತು' ಅಂತ ಬರ್ದಿದೀಯಲ್ಲ, ಅಲ್ಲಿ ನನಗೆ ಮುಂದೆ ಹೋಗೋಕೆ ಆಗಲಿಲ್ಲ. ನೀ ನಡೆದಿದ್ದು ಯುಗಾದಿ ಜಾತ್ರೆಗೆ. ಆ ಹೊತ್ತಿಗೆ ಶ್ರೀಶೈಲದ ಸುತ್ತಿನ ನಲ್ಲಮಲ ಕಾಡು ಎಲ್ಲಪ್ಪ ಹಚ್ಚಹಸಿರಾಗಿರ್ತೈತೆ? ಅದು ಎಲೆ ಉದುರೋ ಕಾಡು, ಮಳೆ ನಿಂತು ತಿಂಗಳುಗಟ್ಟಲೆ ಆಗಿರ್ತೈತೆ, ಇರೋ ನೀರು ಉಳಿಸ್ಕೊಳ್ಳೋಕೆ ಮರಗಳು ಎಲೆ ಎಲ್ಲ ಚೆಲ್ಲಿ ಬರೀ ಕೊಂಬೆ ಹಿಡ್ಕೊಂಡು ನಿಂತಿರ್ತಾವೆ, ತೇಗದೆಲೆ ಕಾಲಡಿ ಹಪ್ಪಳ ಮುರಿದಂಗೆ ಸದ್ದು ಮಾಡ್ತೈತೆ. ನೀನು ಬರ್ದಿರೋ ಹಸಿರು ಮಲೆನಾಡಿಂದು, ಎಲ್ಲೋ ಓದಿದ್ದು ಪೆನ್ನಿಗೆ ಬಂದೈತೆ.

ಎದುರಿಗಿದ್ದ ಕಾಡನ್ನ ಬರಿ ತಮ್ಮಾ. ಅದೇನು ಕಡಿಮೆ ಚೆಂದನಾ? ಎಲೆನೇ ಇಲ್ಲದ ಅರಿಶಿನ ಬೂರುಗದ ತುದೀಲಿ ಅಂಗೈ ಅಗಲದ ಹಳದಿ ಹೂ ಇರ್ತೈತೆ. ಮುತ್ತುಗ ಮುಗೀತಾ ಬಂದಿರ್ತೈತೆ, ಆದ್ರೂ ದಾರಿ ಮೇಲೆ ಅದರ ಕೆಂಪು ಬಿದ್ದಿರ್ತೈತೆ. ತೆಲುಗರು ತಪಸಿ ಅನ್ನೋ ಮರ ನೋಡಿರಬೇಕು ನೀನು, ನೋಡದೇ ಇರೋಕೆ ಸಾಧ್ಯನೇ ಇಲ್ಲ, ಬೆಳ್ಳಗೆ ನುಣ್ಣಗೆ ಕಾಂಡ, ತೊಗಟೆ ತೆಳ್ಳಗೆ ಸುಲಿದು ನೇತಾಡ್ತಿರ್ತೈತೆ, ಅದರ ಅಂಟನ್ನ ಆ ಕಾಡಿನಾಗೇ ಇರೋ ಚೆಂಚು ಬುಡಕಟ್ಟಿನ ಜನ ತೆಗೆದು ಮಾರ್ತಾರೆ.

ಇಪ್ಪೆ ಬಗ್ಗೆ ಒಂದು ಸಾಲೂ ಇಲ್ಲ ನಿನ್ನ ಬರಹದಾಗ, ನನಗೆ ಬೇಜಾರಾಗಿದ್ದು ಅದಕ್ಕೇ. ಬೆಳಗಿನ ಜಾವ ಟಾರ್ಚ್ ಹಿಡ್ಕೊಂಡು ನಡಿಯೋವಾಗ ಮೊದಲು ವಾಸನೆ ಬರ್ತೈತೆ, ಆಮೇಲೆ ಮರ ಸಿಗ್ತೈತೆ. ಹೂ ರಾತ್ರಿಯೆಲ್ಲ ಒಂದೊಂದೇ ಉದುರಿ ನೆಲ ತುಂಬಿರ್ತೈತೆ, ಕೆನೆ ಬಣ್ಣ, ದಪ್ಪ ದಪ್ಪ, ಹಿಡಿದ್ರೆ ಬೆರಳಿಗೆ ಅಂಟ್ತೈತೆ, ಬಾಯಿಗೆ ಹಾಕಿದ್ರೆ ಮೊದಲು ಸಿಹಿ ಆಮೇಲೆ ಒಂಥರಾ ಘಾಟು. ಕರಡಿಗೂ ಅದೇ ಬೇಕು, ಅದಕ್ಕೇ ಆ ಹೊತ್ತಿನಾಗ ಜನ ಗುಂಪು ಬಿಟ್ಟು ಹೋಗಲ್ಲ, 'ಮಲ್ಲಯ್ಯಾ' ಅಂತ ಕೂಗ್ತಾ ನಡೀತಾರೆ. ಭಕ್ತಿನೂ ಐತೆ ಆ ಕೂಗಿನಾಗ, ಭಯನೂ ಐತೆ, ಎರಡನ್ನೂ ಬರಿ. ನೀನು ಭಕ್ತಿ ಒಂದೇ ಬರ್ದಿದೀಯ.

ಹನ್ನೆರಡನೇ ಶತಮಾನದಾಗ ಅಕ್ಕಮಹಾದೇವಿ ಕಲ್ಯಾಣದಿಂದ ಇದೇ ಬೆಟ್ಟಕ್ಕೆ ಬಂದವಳು. ಆಕೆ ಗಿಳಿ, ಕೋಗಿಲೆ, ತುಂಬಿ, ನವಿಲು ಅಂತ ಒಬ್ಬೊಬ್ಬರನ್ನೇ ಕರೆದು ಚೆನ್ನಮಲ್ಲಿಕಾರ್ಜುನನ್ನ ಕಂಡ್ರಾ ಅಂತ ಕೇಳಿದಳು. ನೀನೋ ಯಾವುದರ ಹೆಸರೂ ಹಿಡೀದೆ 'ಪ್ರಕೃತಿ ಸೌಂದರ್ಯ' ಅಂತ ಆರು ಕಡೆ ಬರ್ದಿದೀಯ, ಆರನ್ನೂ ಹೊಡೆದುಹಾಕು. ಮರದ ಹೆಸರು ಗೊತ್ತಿಲ್ಲಾಂದ್ರೆ ಮಲ್ಲಯ್ಯನ ಕಂಬಿ ಹೆಗಲ ಮೇಲೆ ಹೊತ್ತು ನಡಿಯೋ ಹಿರಿಯರನ್ನ ಕೇಳು, ಚೆಂಚರನ್ನ ಕೇಳು, ಅವರಿಗೆ ಗೊತ್ತಿರೋಷ್ಟು ನಮ್ಮ ಯಾವ ಮೊಬೈಲ್ ಆ್ಯಪ್‌ಗೂ ಗೊತ್ತಿಲ್ಲ.

ಭೀಮುನಿಕೊಳನು ಕಣಿವೆಗೆ ಇಳಿಯೋ ಜಾಗ ಮಾತ್ರ ಚೆನ್ನಾಗಿ ಬಂದೈತೆ, ಮೊಣಕಾಲು ನಡುಗಿದ್ದು, ಬಿಸಿಲಿಗೆ ಕಾದ ಕಲ್ಲು, ಆಚೆ ಕಡೆ ಕೈಲಾಸದ್ವಾರದ ತನಕ ಮತ್ತೆ ಹತ್ತೋದು, ಅಲ್ಲಿ ನೀನು ನಿಜವಾಗಿ ನಡೆದಿದೀಯ ಅಂತ ನಂಬಿಕೆ ಬರ್ತೈತೆ. ಮೆಟ್ಟಿಲ ಬಗ್ಗೆ ಒಂದು ಮಾತು ಸೇರಿಸು, ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದವನು ಅಂತ 14ನೇ ಶತಮಾನದ ದೊರೆ ಪ್ರೋಲಯ ವೇಮಾರೆಡ್ಡಿ ಹೆಸರು ಹೇಳ್ತಾರೆ. ಜಾಸ್ತಿ ಇತಿಹಾಸ ತುರುಕಬ್ಯಾಡ, ಒಂದು ಸಾಲು ಸಾಕು.

ಶಿಖರ ಕಂಡ ಮೇಲಿನ ನಾಲ್ಕು ಪುಟ ಅರ್ಧಕ್ಕೆ ಇಳಿಸು. ಆ ಜಾಗದಾಗ ದಾರಿಯಾಗ ಸಿಗೋ ಪೆದ್ದಚೆರುವು ಕೆರೆ ಹತ್ರ ಮಜ್ಜಿಗೆ ಹಂಚ್ತಿದ್ದ ಅಜ್ಜಿನ ಕೂರಿಸು. ಶ್ರೀಶೈಲದ ಅಮ್ಮ ಭ್ರಮರಾಂಬೆ ನಮ್ಮನೆ ಮಗಳು ಅಂತ ಮಡಿಲು ತುಂಬೋಕೆ ಸೀರೆ ಕಟ್ಕೊಂಡು ಬಂದಿದ್ದಳು ಅಂತ ಒಂದೇ ಸಾಲಿನಾಗ ಮುಗಿಸಿದೀಯ. ಯಾವ ಊರಿನಾಕೆ, ಸೀರೆ ಯಾವ ಬಣ್ಣ, ಚಪ್ಪಲಿ ಇತ್ತಾ ಕಾಲಾಗೆ? ನೆನಪಿರೋಷ್ಟು ಈ ವಾರನೇ ಬರ್ದಿಡು, ಮರೆತುಹೋಗ್ತೈತೆ. ಬರ್ದಿದ್ದನ್ನ ವಾಟ್ಸಾಪ್‌ನಾಗೇ ಕಳ್ಸು, ಟೈಪ್ ತಪ್ಪಿದ್ರೂ ಪರವಾಗಿಲ್ಲ, ನಾನು ಓದ್ತೀನಿ.

ನಿನ್ನ ಅಣ್ಣ
ಆದವಾನಿ