ಟ್ರಯಲ್ ಮುಗಿಯಿತು, ಫಲಿತಾಂಶ ಎಲ್ಲಿ? ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಈ ಪತ್ರವನ್ನು ನೇರವಾಗಿ ನಿಮ್ಮ ಕಚೇರಿಗೇ ಕಳಿಸಬಹುದಿತ್ತು. ಕಳಿಸಿದ್ದೂ ಆಯಿತು. 'ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ' ಅನ್ನುವ ಒಂದು ಸಾಲಿನ ಉತ್ತರ ಬಂತು. ಆ ಸಂಬಂಧಪಟ್ಟ ವಿಭಾಗ ಯಾವುದು ಅಂತ ನಿಮ್ಮ ಕಚೇರಿಯವರಿಗೇ ಗೊತ್ತಿರಲಿಲ್ಲ. ಅದಕ್ಕೇ ಈ ಸಲ ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಉಸಿರಾಟದ ಸೋಂಕುಗಳ ಮೇಲೆ ಸರ್ಕಾರದ ದುಡ್ಡಿನಲ್ಲಿ ನಡೆದ, ಔಷಧಿಯನ್ನೋ ಲಸಿಕೆಯನ್ನೋ ಜನರಿಗೆ ಕೊಟ್ಟು ನೋಡುವ ಪ್ರತಿಯೊಂದು ಕ್ಲಿನಿಕಲ್ ಟ್ರಯಲ್‌ನ ಫಲಿತಾಂಶವನ್ನೂ ಬಹಿರಂಗ ಮಾಡಿಸಿ. ಚೆನ್ನಾಗಿ ಬಂದಿದ್ದರೂ ಸರಿ, ಕೆಟ್ಟದಾಗಿ ಬಂದಿದ್ದರೂ ಸರಿ, ಏನೂ ಬರದೇ ಇದ್ದರೂ ಸರಿ. ಟ್ರಯಲ್ ಮುಗಿದ 12 ತಿಂಗಳೊಳಗೆ ಮಾಡಿಸಿ.

ನಿಯಮ ನಿಮಗೆ ಗೊತ್ತಿರುತ್ತದೆ, ನಾನು ಹೇಳಿಕೊಡಬೇಕಾಗಿಲ್ಲ. 12 ತಿಂಗಳು ಅನ್ನುವ ಗಡುವು ನನ್ನದಲ್ಲ, ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದ್ದು. ಮನುಷ್ಯರ ಮೇಲಿನ ಸಂಶೋಧನೆಗೆ ಜಗತ್ತಿನ ವೈದ್ಯರ ಸಂಘ ಹಾಕಿಕೊಂಡ ನೀತಿನಿಯಮವಾದ ಹೆಲ್ಸಿಂಕಿ ಘೋಷಣೆಯಂತೂ ಇನ್ನೂ ಹಳೆಯದು, 1964ರದು. ಮನುಷ್ಯರ ಮೇಲೆ ಮಾಡಿದ ಸಂಶೋಧನೆಯ ಫಲಿತಾಂಶ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಜನರ ಮುಂದಿಡಬೇಕು ಅಂತ ಅದರ ನಂತರದ ಆವೃತ್ತಿಗಳಲ್ಲಿ ಬರೆದಿದೆ. ಭಾಗವಹಿಸಿದವರು ಬಯಸಿದರೆ ಫಲಿತಾಂಶವನ್ನು ಅವರಿಗೂ ತಿಳಿಸಬೇಕು ಅಂತ 2013ರ ಆವೃತ್ತಿಯಲ್ಲಿದೆ. ಅಮ್ಮನ ಕೈಯಲ್ಲಿ ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರದ ಕೊನೆಯಲ್ಲಿ ಈ ಘೋಷಣೆಯ ಹೆಸರು ಅಚ್ಚಾಗಿದೆ. ತುಂಬಾ ಸಣ್ಣ ಅಕ್ಷರದಲ್ಲಿದೆ, ಆದರೂ ಇದೆ.

ಈಗ ಅಮ್ಮನ ವಿಷಯ.

ಅಮ್ಮನಿಗೆ ಬ್ರಾಂಕಿಯೆಕ್ಟಾಸಿಸ್. ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ ಸಡಿಲವಾಗಿವೆ. ಕಫ ಮೇಲೆ ಬರುವುದಿಲ್ಲ, ಅಲ್ಲೇ ನಿಲ್ಲುತ್ತದೆ. ನಿಂತ ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಸೋಂಕಾಗುತ್ತದೆ, ಸೋಂಕಿನಿಂದ ನಾಳಗಳು ಇನ್ನಷ್ಟು ಹಾಳಾಗುತ್ತವೆ. ಬೇರೆಯವರಿಗೆ ಬರೀ ನೆಗಡಿ ಅನ್ನಿಸುವುದು ಅಮ್ಮನಿಗೆ ಹಾಸಿಗೆ ಹಿಡಿಸುತ್ತದೆ. ಬೆಳಗ್ಗೆ ಎದ್ದ ತಕ್ಷಣ ಮಂಚದ ಅಂಚಿಗೆ ಬಗ್ಗಿ ಮಲಗಬೇಕು, ನಾನು ಬೆನ್ನು ತಟ್ಟಬೇಕು, ಕಫ ಕೀಳಬೇಕು. ಆಮೇಲೆ ನೆಬ್ಯುಲೈಸರ್. ರಾತ್ರಿ ಎದೆಯ ಗೊರಗೊರ ಪಕ್ಕದ ಕೋಣೆಗೂ ಕೇಳಿಸುತ್ತದೆ. ನಿಂತುಹೋದರೆ ಇನ್ನೂ ಭಯ. ಕಫದ ಬಣ್ಣ ನೋಡಿಯೇ ಮುಂದಿನ ವಾರ ಹೇಗಿರುತ್ತದೆ ಅಂತ ಹೇಳುವಷ್ಟು ಅಭ್ಯಾಸವಾಗಿದೆ ನನಗೆ. ಬಿಳಿ ಇದ್ದರೆ ಕೆಲಸಕ್ಕೆ ಹೋಗಬಹುದು. ಹಸಿರಾದರೆ ರಜೆ ಚೀಟಿ ಬರೆಯಬೇಕು. ರಕ್ತದ ಎಳೆ ಕಂಡರೆ ಸೀದಾ ಆಸ್ಪತ್ರೆ. ಇದನ್ನೆಲ್ಲ ನಿಮ್ಮ ಅನುಕಂಪಕ್ಕಾಗಿ ಬರೆಯುತ್ತಿಲ್ಲ. ಇಂಥ ಮನೆಯವರು ಟ್ರಯಲ್ ಅಂದ ತಕ್ಷಣ ಯಾಕೆ ಒಪ್ಪುತ್ತಾರೆ ಅಂತ ತಿಳಿಯಲಿ ಅಂತ ಬರೆದೆ.

ಸರ್ಕಾರದ ನೆರವಿನಿಂದ ನಡೆಯುವ ಒಂದು ಸಂಶೋಧನಾ ಕೇಂದ್ರದವರು ಬಂದು ಕೇಳಿದರು. ದಿನಾ ಕಡಿಮೆ ಪ್ರಮಾಣದ ಆ್ಯಂಟಿಬಯೋಟಿಕ್ ಕೊಟ್ಟರೆ ಸೋಂಕು ಮರುಕಳಿಸುವುದು ತಗ್ಗುತ್ತದಾ ಅಂತ ನೋಡುವ ಟ್ರಯಲ್. ಅರ್ಧ ಜನಕ್ಕೆ ಔಷಧಿ, ಅರ್ಧ ಜನಕ್ಕೆ ಔಷಧಿಯಂತೆಯೇ ಕಾಣುವ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿರುವುದಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಅದು ಸರಿಯಾದ ಪದ್ಧತಿಯೇ, ಅದರ ಬಗ್ಗೆ ನನ್ನ ತಕರಾರಿಲ್ಲ. 'ನನ್ನಿಂದ ನಾಲ್ಕು ಜನಕ್ಕೆ ಉಪಯೋಗ ಆಗುತ್ತದಲ್ಲ, ಆಗಲಿ' ಅಂದರು ಅಮ್ಮ. ಕಫದ ಡಬ್ಬಿ ತುಂಬಿಸಿ ಕೊಟ್ಟರು. ಮೂಗಿನ ಸ್ವಾಬ್, ರಕ್ತ, ಎಕ್ಸ್‌ರೇ, ಸಿ.ಟಿ., ಯಂತ್ರಕ್ಕೆ ಊದುವ ಪರೀಕ್ಷೆ, ಯಾವುದಕ್ಕೂ ಇಲ್ಲ ಅನ್ನಲಿಲ್ಲ. ಆ ಊದುವ ಪರೀಕ್ಷೆ ನೀವು ಮಾಡಿಸಿಕೊಂಡಿದ್ದೀರೋ ಇಲ್ಲವೋ. ಶ್ವಾಸಕೋಶ ಸರಿ ಇರುವವರಿಗೇ ತಲೆ ತಿರುಗುತ್ತದೆ.

ಟ್ರಯಲ್ ಮುಗಿಯಿತು. ಒಂದು ದಿನ ಮಾತ್ರೆ ಕೊಡುವುದನ್ನು ನಿಲ್ಲಿಸಿದರು, ಅಷ್ಟೇ. ಫಲಿತಾಂಶ ಬಂದಾಗ ತಿಳಿಸುತ್ತೇವೆ ಅಂದರು. ವರ್ಷಗಳೇ ಉರುಳಿದವು.

ಈ ನಡುವೆ ಅಮ್ಮನ ಕಿವಿ ಮಂದವಾಯಿತು. ವಯಸ್ಸಿನಿಂದ ಇರಬಹುದು. ಇಲ್ಲದೆಯೂ ಇರಬಹುದು, ಯಾಕೆಂದರೆ ಈ ಕಾಯಿಲೆಗೆ ದೀರ್ಘಕಾಲ ಕೊಡುವ ಅಜಿತ್ರೋಮೈಸಿನ್ ಜಾತಿಯ ಔಷಧಿಗಳು ಕೆಲವರ ಕಿವಿಗೆ ತೊಂದರೆ ಕೊಡುತ್ತವೆ ಅನ್ನುವುದು ವೈದ್ಯರಿಗೆ ಗೊತ್ತಿರುವ ವಿಷಯ. ಮುಂದಿನ ಸಲ ನ್ಯುಮೋನಿಯಾ ಆಗಿ ಬೇರೆ ಆಸ್ಪತ್ರೆಗೆ ಸೇರಿಸಿದಾಗ ಅಲ್ಲಿನ ಡಾಕ್ಟರ್ ಕೇಳಿದ್ದು ನೇರವಾದ ಪ್ರಶ್ನೆ: 'ಇವರು ಈ ಔಷಧಿಯನ್ನು ಮೊದಲು ತುಂಬಾ ದಿನ ತೆಗೆದುಕೊಂಡಿದ್ದರಾ?' ತೆಗೆದುಕೊಂಡಿದ್ದರೆ ಬ್ಯಾಕ್ಟೀರಿಯಾ ಅದಕ್ಕೆ ಪಳಗಿರಬಹುದು, ಔಷಧಿ ಬದಲಿಸಬೇಕು. ನನ್ನ ಹತ್ತಿರ ಉತ್ತರವಿರಲಿಲ್ಲ. ತೆಗೆದುಕೊಂಡಿರಬಹುದು, ಖಾಲಿ ಮಾತ್ರೆಯೂ ಇರಬಹುದು. ಆಕ್ಸಿಜನ್ ಹಾಕಿ ಮಲಗಿಸಿದ್ದ ಅಮ್ಮನ ಪಕ್ಕ ನಿಂತು ಸಂಶೋಧನಾ ಕೇಂದ್ರಕ್ಕೆ ಫೋನ್ ಮಾಡಿದೆ. ತುರ್ತು ಬಂದರೆ ಯಾರಿಗೆ ಏನು ಕೊಟ್ಟಿದ್ದರು ಅಂತ ಕೋಡ್ ಒಡೆದು ನೋಡಬಹುದು ಅಂತ ಒಪ್ಪಿಗೆ ಪತ್ರದಲ್ಲೇ ಇತ್ತು. 'ಮೇಡಂ, ಆ ಪ್ರಾಜೆಕ್ಟ್ ಕ್ಲೋಸ್ ಆಗಿದೆ. ಫೈಲು ಸ್ಟೋರಲ್ಲಿದೆ. ಬೀಗದ ಕೈ ಇಟ್ಟುಕೊಂಡವರು ರಜದಲ್ಲಿದ್ದಾರೆ' ಅಂದರು.

ಬೀಗದ ಕೈ, ಸಚಿವರೇ!

ಅಮ್ಮ ಬದುಕಿದರು. ಡಾಕ್ಟರ್ ಅಂದಾಜಿನ ಮೇಲೆ ಬೇರೆ ಔಷಧಿ ಕೊಟ್ಟರು, ಅದು ಹಿಡಿಯಿತು. ಆಮೇಲೆ ನಾನೇ ಆ ಕೇಂದ್ರಕ್ಕೆ ಹೋದೆ. ಕಾಯಿಸಿ ಕಾಯಿಸಿ ಕೊನೆಗೆ ಹಿರಿಯರೊಬ್ಬರು ಸಿಕ್ಕರು. ಕೆಟ್ಟವರಲ್ಲ, ಕೂರಿಸಿ ಸಮಾಧಾನವಾಗಿಯೇ ಮಾತಾಡಿದರು. 'ಏನೂ ವಿಶೇಷ ಬರಲಿಲ್ಲಮ್ಮ. ಎರಡೂ ಗುಂಪಿಗೆ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂಥದ್ದನ್ನು ಯಾವ ಜರ್ನಲ್‌ನವರೂ ತಗೊಳ್ಳಲ್ಲ. ಸುಮ್ನೆ ಯಾಕೆ ಅಂತ ಬಿಟ್ಟೆವು.'

ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ವ್ಯತ್ಯಾಸ ಕಾಣಲಿಲ್ಲ ಅನ್ನುವುದೇ ಫಲಿತಾಂಶ ಅಲ್ವಾ? ಆ ಪ್ರಮಾಣದಲ್ಲಿ, ಅಷ್ಟು ದಿನ ಕೊಟ್ಟ ಔಷಧಿಯಿಂದ ಪ್ರಯೋಜನವಾಗಲಿಲ್ಲ ಅಂತ ತಿಳಿದರೆ ಎಷ್ಟೋ ಜನರ ಕಿವಿ, ಹೊಟ್ಟೆ, ದುಡ್ಡು ಉಳಿಯುತ್ತದೆ. ಪಾಸಾದವರ ಹೆಸರನ್ನಷ್ಟೇ ಬೋರ್ಡಿಗೆ ಹಾಕಿ, ಫೇಲಾದವರು ಪರೀಕ್ಷೆಗೇ ಕೂತಿರಲಿಲ್ಲ ಅಂದಂತಾಯಿತು ಇದು.

ಇದು ಒಂದು ಕೇಂದ್ರದ ಸೋಮಾರಿತನ ಅಂತ ತಳ್ಳಿಹಾಕಬೇಡಿ. ಒಸೆಲ್ಟಾಮಿವಿರ್ ಕಥೆ ನಿಮಗೆ ಗೊತ್ತೇ ಇರಬೇಕು, ಟ್ಯಾಮಿಫ್ಲೂ ಅಂದರೆ ಎಲ್ಲರಿಗೂ ನೆನಪಾಗುತ್ತದೆ. ಫ್ಲೂ ಬಂದವರು ಇದನ್ನು ನುಂಗಿದರೆ ನ್ಯುಮೋನಿಯಾದಂಥ ತೊಡಕು ಕಡಿಮೆ, ಆಸ್ಪತ್ರೆ ಸೇರುವುದು ಕಡಿಮೆ ಅಂತ ನಂಬಿ ಸರ್ಕಾರಗಳು ಗೋದಾಮು ತುಂಬಿಸಿಕೊಂಡವು. ಬ್ರಿಟನ್ ಒಂದೇ 42 ಕೋಟಿ ಪೌಂಡಿಗಿಂತ ಜಾಸ್ತಿ ಸುರಿಯಿತು. ಆ ನಂಬಿಕೆಗೆ ಆಧಾರವಾಗಿದ್ದದ್ದು 10 ಟ್ರಯಲ್‌ಗಳನ್ನು ಸೇರಿಸಿ ಬರೆದ ಒಂದು ಲೇಖನ. ಅದರಲ್ಲಿ 8 ಟ್ರಯಲ್‌ಗಳು ಎಲ್ಲೂ ಪೂರ್ತಿಯಾಗಿ ಪ್ರಕಟವಾಗಿರಲೇ ಇಲ್ಲ. 2009ರಲ್ಲಿ ಜಪಾನಿನ ಮಕ್ಕಳ ವೈದ್ಯರೊಬ್ಬರು, 'ಆ ಎಂಟನ್ನು ನೀವು ನೋಡಿದ್ದೀರಾ?' ಅಂತ ಕಾಕ್ರೇನ್ ಸಂಶೋಧಕರನ್ನು, ಅಂದರೆ ಒಂದೇ ವಿಷಯದ ಟ್ರಯಲ್‌ಗಳನ್ನೆಲ್ಲ ಕೂಡಿಸಿ ಪರಿಶೀಲಿಸುವ ಸಂಸ್ಥೆಯವರನ್ನು ಕೇಳಿದರು. ಅವರು ನೋಡಿರಲಿಲ್ಲ. ಕೇಳಿದರೆ ಕಂಪನಿ ಸುಲಭವಾಗಿ ಕೊಡಲೂ ಇಲ್ಲ. ವರ್ಷಗಟ್ಟಲೆ ಪತ್ರ ಬರೆದು, ಪತ್ರಿಕೆಯಲ್ಲಿ ಗಲಾಟೆ ಮಾಡಿ, ಪೂರ್ತಿ ವರದಿಗಳನ್ನು ತರಿಸಿಕೊಂಡು ಓದಿ ಮುಗಿಸುವಾಗ 2014 ಆಗಿತ್ತು. ಕಂಡದ್ದೇನು? ದೊಡ್ಡವರಲ್ಲಿ ಲಕ್ಷಣಗಳು 7 ದಿನದ ಬದಲು 6.3 ದಿನಕ್ಕೆ ತಗ್ಗುತ್ತವೆ. ಆಸ್ಪತ್ರೆ ಸೇರುವುದು ತಪ್ಪುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ವಾಕರಿಕೆ, ವಾಂತಿ ಮಾತ್ರ ಜಾಸ್ತಿ. ಅಷ್ಟರಲ್ಲಿ 2009ರ ಸಾಂಕ್ರಾಮಿಕ ಬಂದು ಹೋಗಿ, ದುಡ್ಡೂ ಖರ್ಚಾಗಿತ್ತು.

ಅಲ್ಲಿ ಮುಚ್ಚಿಟ್ಟದ್ದು ಕಂಪನಿ. ನಮ್ಮಲ್ಲಿ ಜನರ ತೆರಿಗೆ ದುಡ್ಡಿನ ಟ್ರಯಲ್‌ಗೇ ಬೀಗ ಬಿದ್ದಿದೆ.

ಕೆಟ್ಟ ಫಲಿತಾಂಶ ಹೊರಬಂದರೆ ಜನ ಸಂಶೋಧನೆಯನ್ನೇ ನಂಬುವುದಿಲ್ಲ ಅಂತ ನಿಮ್ಮ ಅಧಿಕಾರಿಯೊಬ್ಬರು ನನಗೆ ಹೇಳಿದರು. ಅವರಿಗೆ ಆರ್‌ಎಸ್‌ವಿ ಲಸಿಕೆಯ ಕಥೆ ತಿಳಿಸಿ. ಎಳೆ ಮಕ್ಕಳ ಶ್ವಾಸಕೋಶಕ್ಕೆ ಬರುವ ಈ ವೈರಸ್‌ಗೆ 1960ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಲಸಿಕೆ ಮಾಡಿದರು. ಅದು ತಿರುಗಿಬಿತ್ತು. ಒಂದು ಟ್ರಯಲ್‌ನಲ್ಲಿ ಲಸಿಕೆ ಪಡೆದು ಆಮೇಲೆ ಸೋಂಕು ತಗುಲಿದ 20 ಮಕ್ಕಳಲ್ಲಿ 16 ಮಕ್ಕಳು ಆಸ್ಪತ್ರೆ ಸೇರಿದವು, ಇಬ್ಬರು ತೀರಿಕೊಂಡರು. ಈ ಲಸಿಕೆ ಪಡೆಯದ ಗುಂಪಿನಲ್ಲಿ ಸೋಂಕು ತಗುಲಿದ 21 ಮಕ್ಕಳಲ್ಲಿ ಆಸ್ಪತ್ರೆ ಸೇರಿದ್ದು ಒಂದೇ ಮಗು. ಇದಕ್ಕಿಂತ ಕೆಟ್ಟ ಫಲಿತಾಂಶ ಇರಲು ಸಾಧ್ಯವಾ? ಆದರೂ 1969ರಲ್ಲಿ ಪ್ರಕಟಿಸಿದರು. ಮುಂದೆ ಎಷ್ಟೋ ಜನ ಅದನ್ನು ಓದಿ, ಎಲ್ಲಿ ಎಡವಿತು ಅಂತ ಹುಡುಕಿದರು. ಜೀವಕೋಶದ ಒಳಗೆ ನುಗ್ಗುವ ಮೊದಲು ಆ ವೈರಸ್‌ನ ಪ್ರೋಟೀನು ಯಾವ ಆಕಾರದಲ್ಲಿರುತ್ತದೆ ಅಂತ 2013ರಲ್ಲಿ ಗೊತ್ತಾಯಿತು. ಆ ಆಕಾರವನ್ನೇ ಆಧರಿಸಿ ಮಾಡಿದ ಲಸಿಕೆ 2023ರಲ್ಲಿ ವಯಸ್ಸಾದವರಿಗೂ ಗರ್ಭಿಣಿಯರಿಗೂ ಸಿಕ್ಕಿತು. ಆ ವೈದ್ಯರೂ 'ಸುಮ್ನೆ ಯಾಕೆ' ಅಂತ ಬಿಟ್ಟಿದ್ದರೆ? ಅದೇ ಲಸಿಕೆಯನ್ನು ಇನ್ನೊಂದು ಕಡೆ ಇನ್ನೊಬ್ಬರು ಮಾಡಿ ಇನ್ನಷ್ಟು ಮಕ್ಕಳಿಗೆ ಚುಚ್ಚುತ್ತಿದ್ದರೋ ಏನೋ.

ಸಮಯ ಸಾಲುವುದಿಲ್ಲ ಅನ್ನುವ ಮಾತಂತೂ ಬೇಡ. ಕೋವಿಡ್‌ನಲ್ಲಿ ಬ್ರಿಟನ್ನಿನ ರಿಕವರಿ ಟ್ರಯಲ್ 2020ರ ಮಾರ್ಚ್‌ನಲ್ಲಿ ಶುರುವಾಗಿ, ಜೂನ್‌ನಲ್ಲೇ ಡೆಕ್ಸಾಮೆಥಾಸೋನ್ ಅನ್ನುವ ಔಷಧಿ ಜೀವ ಉಳಿಸುತ್ತದೆ ಅಂತ ಹೇಳಿತು. ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದರಷ್ಟು ತಗ್ಗಿತ್ತು. ಅದೇ ತಿಂಗಳು, ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಉಪಯೋಗವಿಲ್ಲ ಅಂತಲೂ ಹೇಳಿತು. ಎರಡೂ ಸುದ್ದಿ ವೈದ್ಯರಿಗೆ ಅಷ್ಟೇ ಮುಖ್ಯವಾಗಿತ್ತು. ಅವರಿಗೆ ತಿಂಗಳುಗಳು ಸಾಕಾದವು. ನಿಮ್ಮ ಕೇಂದ್ರಗಳಿಗೆ ನಾನು ಒಂದು ವರ್ಷ ಕೊಡುತ್ತಿದ್ದೇನೆ.

ಏನೂ ವಿಶೇಷ ಬರದ ಟ್ರಯಲ್ ಎಂಥ ಕೆಲಸ ಮಾಡುತ್ತದೆ ಅಂತ ಇನ್ನೊಂದು ಹೇಳಿ ಬಿಡುತ್ತೇನೆ. ಯುರೋಪಿನ 12 ದೇಶಗಳಲ್ಲಿ ಎದೆ ಕಟ್ಟಿ ಕೆಮ್ಮುತ್ತಿದ್ದ, ಆದರೆ ನ್ಯುಮೋನಿಯಾ ಅನುಮಾನವಿಲ್ಲದ 2061 ಜನರಲ್ಲಿ ಕೆಲವರಿಗೆ ಅಮಾಕ್ಸಿಸಿಲಿನ್ ಅನ್ನುವ ಆ್ಯಂಟಿಬಯೋಟಿಕ್, ಉಳಿದವರಿಗೆ ಖಾಲಿ ಮಾತ್ರೆ ಕೊಟ್ಟು ನೋಡಿದರು. ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಆ್ಯಂಟಿಬಯೋಟಿಕ್ ತಗೊಂಡವರಿಗೆ ವಾಕರಿಕೆ, ಭೇದಿ, ದದ್ದು ಸ್ವಲ್ಪ ಜಾಸ್ತಿ. ಇದನ್ನು ಪ್ರಕಟಿಸಿದ್ದರಿಂದಲೇ ಇವತ್ತು ಒಬ್ಬ ಡಾಕ್ಟರ್ ಕೆಮ್ಮಿಗೆ ಆ್ಯಂಟಿಬಯೋಟಿಕ್ ಬೇಡ ಅಂತ ಧೈರ್ಯವಾಗಿ ಹೇಳಬಹುದು. ಬೇಡದ ಕಡೆ ಆ್ಯಂಟಿಬಯೋಟಿಕ್ ಕೊಟ್ಟಷ್ಟೂ ಬ್ಯಾಕ್ಟೀರಿಯಾ ಅದಕ್ಕೆ ಪಳಗುತ್ತದೆ. ಹೀಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ನೇರವಾಗಿ ಸತ್ತರು ಅನ್ನುವ ಅಂದಾಜಿದೆ. ಅದೇ ವರ್ಷ ನ್ಯುಮೋನಿಯಾದಿಂದ ಸತ್ತ, 5 ವರ್ಷದೊಳಗಿನ ಮಕ್ಕಳು 7 ಲಕ್ಷದ 40 ಸಾವಿರ. ನೀವು ಭಾಷಣದಲ್ಲಿ ಇಂಥ ಅಂಕಿಗಳನ್ನು ಚೆನ್ನಾಗಿ ಹೇಳುತ್ತೀರಿ, ಕೇಳಿದ್ದೇನೆ. ಚಪ್ಪಾಳೆಯೂ ಬೀಳುತ್ತದೆ.

ಇನ್ನೊಂದು ವಿಷಯ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಹೋದ ತಿಂಗಳು ಅದೇ ಕೇಂದ್ರದಿಂದ ಅಮ್ಮನ ಹೆಸರಿಗೆ ಒಂದು ಲಕೋಟೆ ಬಂತು. ಫಲಿತಾಂಶ ಕಳಿಸಿದ್ದಾರೆ ಅಂತ ಅಮ್ಮ ಕನ್ನಡಕ ಹುಡುಕಿಸಿದರು. ಒಳಗಿದ್ದದ್ದು ಆಹ್ವಾನ. ಅದೇ ಔಷಧಿ, ಅದೇ ಪ್ರಮಾಣ, ಹೊಸ ಅನುದಾನ, ಹೊಸ ಟ್ರಯಲ್. 'ತಮ್ಮ ಹಿಂದಿನ ಸಹಕಾರವನ್ನು ಸ್ಮರಿಸುತ್ತಾ' ಅಂತ ಶುರುವಾಗಿತ್ತು. ಸಹಕಾರ ಸ್ಮರಿಸುವವರಿಗೆ ಅಮ್ಮನಿಗೆ ಕೊಟ್ಟ ಮಾತ್ರೆ ಯಾವುದು ಅಂತ ಮಾತ್ರ ಸ್ಮರಣೆಗೆ ಬರುವುದಿಲ್ಲ! ಹಳೆಯ ಟ್ರಯಲ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಅವರಿಗೆ ಗೊತ್ತು. ಈ ಪತ್ರ ಹೋಗಿರುವ ಬೇರೆ ರೋಗಿಗಳಿಗೆ ಗೊತ್ತಿಲ್ಲ. ದುಡ್ಡು ಮಂಜೂರು ಮಾಡಿದ ನಿಮ್ಮ ಇಲಾಖೆಗೆ ಗೊತ್ತಿತ್ತಾ? ಗೊತ್ತಿದ್ದೂ ಕೊಟ್ಟಿದ್ದರೆ ಯಾಕೆ ಕೊಟ್ಟಿರಿ? ಗೊತ್ತಿಲ್ಲದೆ ಕೊಟ್ಟಿದ್ದರೆ, ಹಳೆಯ ಲೆಕ್ಕ ಕೇಳದೆ ಹೊಸ ಸಾಲ ಕೊಡುವ ಬ್ಯಾಂಕನ್ನು ನೀವು ಎಲ್ಲಾದರೂ ನೋಡಿದ್ದೀರಾ?

ಆದ್ದರಿಂದ ಮತ್ತೆ ಕೇಳುತ್ತಿದ್ದೇನೆ. ಮುಗಿದ ಟ್ರಯಲ್‌ಗಳ ಫಲಿತಾಂಶ ಬಹಿರಂಗ ಮಾಡಿಸಿ. ಟ್ರಯಲ್‌ಗಳನ್ನು ನೋಂದಾಯಿಸುವ ವೆಬ್‌ಸೈಟಿನಲ್ಲೇ, ಯಾರು ಬೇಕಾದರೂ ಓದುವಂತೆ ಹಾಕಿಸಿ. ಜರ್ನಲ್‌ನವರು ತಗೊಳ್ಳದಿದ್ದರೆ ಬೇಡ, ನೋಂದಣಿ ಪುಟಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹಳೆಯದರ ಫಲಿತಾಂಶ ಹಾಕದವರಿಗೆ ಹೊಸ ಅನುದಾನ ಕೊಡಬೇಡಿ. ಒಂದು ಆದೇಶ ಸಾಕು, ಕಾನೂನು ತಿದ್ದುಪಡಿಯೂ ಬೇಡ. ಮತ್ತೆ, ಭಾಗವಹಿಸಿದವರಿಗೆ ಅವರು ನುಂಗಿದ್ದು ಏನು ಅಂತ ತಿಳಿಸಿ. ಮಾತ್ರೆ ಹೋದದ್ದು ಅವರ ಹೊಟ್ಟೆಗೆ.

ಅಮ್ಮ ಆ ಆಹ್ವಾನಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ನನಗಂತೂ ಹರಿದು ಬಿಸಾಕಬೇಕು ಅನ್ನಿಸಿತ್ತು. ಅಮ್ಮ ಬಿಡಲಿಲ್ಲ. 'ಮೊದಲನೆಯದರ ಫಲಿತಾಂಶ ಕೊಡಲಿ, ಓದಿ ನೋಡಿ ಹೇಳುತ್ತೇನೆ' ಅನ್ನುತ್ತಿದ್ದಾರೆ. ಉತ್ತರಿಸಲು ಕೊಟ್ಟಿರುವ ಕೊನೆಯ ದಿನಾಂಕ ಬರುವ ತಿಂಗಳ ಕೊನೆ. ಅಷ್ಟರೊಳಗೆ ಆ ಫೈಲನ್ನು ಸ್ಟೋರಿನಿಂದ ಹೊರಗೆ ತೆಗೆಸಿ. ದಯವಿಟ್ಟು ಇದನ್ನೂ ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಬೇಡಿ.

ಇಂತಿ,
ಟ್ರಯಲ್‌ನಲ್ಲಿ ಭಾಗವಹಿಸಿದ ಒಬ್ಬ ರೋಗಿಯ ಮಗಳು