ಆಗುಂಬೆ ಘಾಟಿಯಲ್ಲಿ ದಾರಿ ತೋರಿದ ಜೀಪು ಚಾಲಕರಿಗೆ

ಮಳೆಗಾಲದ ಒಂದು ಸಂಜೆ, ಎದುರಿನ ರಸ್ತೆಯೇ ಕಾಣದಷ್ಟು ಮಂಜು ಕವಿದಿದ್ದಾಗ, ಆಗುಂಬೆಯಿಂದ ಸೋಮೇಶ್ವರದವರೆಗೆ ನಮ್ಮ ಮುಂದೆ ಜೀಪು ಓಡಿಸಿ ದಾರಿ ತೋರಿದ ಚಾಲಕರೇ, ತಮ್ಮ ಹೆಸರು ಗೊತ್ತಿಲ್ಲದ ಕಾರಣ ಈ ಕೃತಜ್ಞತೆಯನ್ನು ಎಲ್ಲರೆದುರು ಹೀಗೆ ಸಲ್ಲಿಸುತ್ತಿದ್ದೇನೆ.

ಅದು ನನ್ನ ಮೊದಲ ಕಾರು. ಹಿಂದಿನ ಮಾಲೀಕರು ಜೋಪಾನ ಮಾಡಿದ್ದ ಬಿಳಿ ಬಣ್ಣದ ಮಾರುತಿ 800. ಚಳಿಯ ಬೆಳಗಿನಲ್ಲಿ ಚೋಕ್ ಎಳೆದೊಡನೆ ಗುರುಗುಟ್ಟುತ್ತಿದ್ದ, ಮೂರು ಸಿಲಿಂಡರಿನ 796 ಸಿಸಿಯ ಆ ಪುಟ್ಟ ಎಂಜಿನ್ನಿನ ಮೇಲೆ ನನಗಿದ್ದ ಅಕ್ಕರೆ, ಆಮೇಲೆ ಕೊಂಡ ಯಾವ ಕಾರಿನ ಮೇಲೂ ಹುಟ್ಟಲಿಲ್ಲ. ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವ ಮುನ್ನ ತಾವು ಕಿಟಕಿಯ ಬಳಿ ಬಂದು, “ಹತ್ತೋ ಗೇರಲ್ಲೇ ಇಳೀರಿ ಮಾರಾಯ್ರೆ, ಬ್ರೇಕ್ ತುಳೀತಾನೇ ಇರಬೇಡಿ” ಎಂದಿರಿ. ಎರಡನೇ ಗೇರಿನಲ್ಲಿ ಎಂಜಿನ್ನೇ ಚಕ್ರಗಳ ಓಟವನ್ನು ತಡೆದು ಬ್ರೇಕ್ ಕಾಯದಂತೆ ಕಾಪಾಡುವ ಬಗೆಯನ್ನು, ಹತ್ತಿ ಬರುವ ವಾಹನಕ್ಕೆ ಇಳಿಯುವವರು ನಿಂತು ದಾರಿ ಬಿಡಬೇಕೆಂಬ ನಿಯಮವನ್ನು, ತಮ್ಮ ಜೀಪಿನ ಕೆಂಪು ದೀಪವನ್ನು ಅನುಸರಿಸುತ್ತಲೇ ನಾನು ಕಲಿತೆ. ಡ್ರೈವಿಂಗ್ ಶಾಲೆಯ ಬಯಲಿನಲ್ಲಿ ಇದೆಲ್ಲ ತಲೆಗೆ ಹತ್ತುವಂಥದ್ದಲ್ಲ.

ಸೋಮೇಶ್ವರದಲ್ಲಿ ಒಂದು ಲೋಟ ಚಹಾ ಕೊಡಿಸೋಣವೆಂದು ನಾನು ಕಾರಿನಿಂದ ಇಳಿಯುವಷ್ಟರಲ್ಲಿ ತಾವು ಜೀಪು ತಿರುಗಿಸಿ ಮತ್ತೆ ಘಾಟಿ ಹತ್ತತೊಡಗಿದ್ದಿರಿ. ನಮಗಾಗಿಯೇ ಅಷ್ಟು ದೂರ ಇಳಿದು ಬಂದಿದ್ದಿರೆಂಬುದು ತಿಳಿದದ್ದೇ ಆಗ. ತಮಗೆ ನನ್ನ ಹಾಗೂ ನನ್ನ ಮನೆಯವರೆಲ್ಲರ ಹೃತ್ಪೂರ್ವಕ ಧನ್ಯವಾದಗಳು.